ತಂತ್ರಾಂಶದ ಮೂಲಪ್ರತಿ ಎಲ್ಲಿರಬೇಕು?

ಹತ್ತು ಮಂದಿ ಸೇರಿ ಬರೆಯುವ ತಂತ್ರಾಂಶಕ್ಕೆ ಮೂಲಪ್ರತಿ ಒಂದೇ ಇರಬೇಕು. ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲಿ ಒಂದೊಂದು ಪ್ರತಿ ಉಳಿದು, ‘ಫೈನಲ್’, ‘ಫೈನಲ್-2’, ‘ಹೊಸ ಫೈನಲ್’ ಎಂಬ ಫೋಲ್ಡರುಗಳು ಹುಟ್ಟತೊಡಗಿದರೆ, ಗ್ರಾಹಕರಿಗೆ ಕೊಟ್ಟದ್ದು ಯಾವುದೆಂದು ಹೇಳುವವರೇ ಇರುವುದಿಲ್ಲ. ಡೆವಲಪರ್‌ಗಳೆಲ್ಲ ಕೋಡ್ ಪಡೆದು, ತಿದ್ದಿ, ಮರಳಿ ಸೇರಿಸುವ ಆ ಒಂದು ಜಾಗವೇ ಕೇಂದ್ರ ರೆಪಾಸಿಟರಿ.

ಇದು ಬೆಂಗಳೂರಿನ ಕಂಪನಿಗಳ ತಲೆನೋವು ಮಾತ್ರ ಎಂದುಕೊಳ್ಳಬೇಕಿಲ್ಲ. ಮೂಲಪ್ರತಿ ಯಾವುದು, ಅದನ್ನು ತಿದ್ದುವವರು ಯಾರು ಎಂಬ ಪ್ರಶ್ನೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ತಹಶೀಲ್ದಾರ್ ಕಚೇರಿಗಳಿಗೆ ಎರಡು ದಶಕಗಳ ಹಿಂದೆಯೇ ಎದುರಾಗಿತ್ತು. ಅಲ್ಲಿಯವರೆಗೆ ಹೊಲದ ಉತಾರವೆಂದರೆ ತಲಾಟಿಯ ಕೈಬರಹ. ತಿದ್ದಿದ್ದು ಯಾವಾಗ, ಯಾರ ಮಾತಿನ ಮೇಲೆ ಎಂದು ಪತ್ತೆ ಹಚ್ಚುವುದು ರೈತನಿಗೆ ಸುಲಭವಿರಲಿಲ್ಲ. ‘ಭೂಮಿ’ ಯೋಜನೆ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಮೊದಮೊದಲು ದಾಖಲೆಗಳು ಆಯಾ ತಾಲ್ಲೂಕಿನ ಸರ್ವರಿನಲ್ಲೇ ಇದ್ದವು, ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಬಂದದ್ದು ಆಮೇಲೆ. 15 ರೂಪಾಯಿಗೆ ಕೌಂಟರಿನಲ್ಲಿ ಉತಾರ ಸಿಗತೊಡಗಿದ್ದನ್ನೇ ಎಲ್ಲರೂ ನೆನೆಯುತ್ತಾರೆ. ಆದರೆ ಹೆಚ್ಚು ಗಟ್ಟಿಯಾದ ಬದಲಾವಣೆ ಒಳಗಿತ್ತು: ದಾಖಲೆ ಮುಟ್ಟುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು, ಹಕ್ಕು ಬದಲಾವಣೆಯ ಅರ್ಜಿಗೆ ನೋಟಿಸು ಹೊರಟು, ತಕರಾರಿಗೆ ಆಗ 30 ದಿನ ಕಾಯ್ದು, ಅಧಿಕಾರಿ ಒಪ್ಪಿದ ಮೇಲಷ್ಟೇ ಹೊಸ ಹೆಸರು ಕೂರಬೇಕಿತ್ತು.

ಕೋಡಿನ ರೆಪಾಸಿಟರಿಯ ಜೀವಾಳವೂ ಇದೇ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಇಂದು ಈ ಕೆಲಸದ ಮುಖ್ಯ ಸಾಧನ. ಪ್ರತಿ ತಿದ್ದುಪಡಿಯೂ ಒಂದು ಕಮಿಟ್ ಆಗಿ, ತಿದ್ದಿದವರ ಹೆಸರು, ಹೊತ್ತು, ಕಾರಣದ ಸಮೇತ ದಾಖಲಾಗುತ್ತದೆ. ಹಿಂದಿನ ಸಬ್‌ವರ್ಷನ್‌ನಲ್ಲಿ ಪೂರ್ತಿ ಇತಿಹಾಸ ಸರ್ವರಿನಲ್ಲಷ್ಟೇ ಇರುತ್ತಿತ್ತು. ಗಿಟ್‌ನಲ್ಲಿ ಸಾಮಾನ್ಯವಾಗಿ ಎಲ್ಲರ ಬಳಿಯೂ ಇರುತ್ತದೆ. ಹಾಗಾಗಿ ಕರೆಂಟು ಹೋಗಿ ನೆಟ್ ನಿಂತರೂ ಶಿಗ್ಗಾವಿಯಲ್ಲಿ ಕೂತವರು ಕಮಿಟ್ ಮಾಡುತ್ತಲೇ ಹೋಗಿ, ಸಂಪರ್ಕ ಬಂದಾಗ ಒಟ್ಟಿಗೆ ಕಳಿಸಬಹುದು. ಗಿಟ್‌ಗೆ ತನ್ನದೇ ಆದ ಕೇಂದ್ರವಿಲ್ಲ. ಯಾವ ಪ್ರತಿ ಅಧಿಕೃತ ಎಂದು ಕಂಪನಿಯೇ ಗೊತ್ತುಮಾಡಬೇಕು.

ಜಾಗಕ್ಕೆ ಎರಡು ದಾರಿ. ಗಿಟ್‌ಹಬ್, ಬಿಟ್‌ಬಕೆಟ್‌ನಂಥ ಸೇವೆ ಪಡೆದರೆ ಸರ್ವರ್ ನೋಡಿಕೊಳ್ಳುವ ತಾಪತ್ರಯವಿಲ್ಲ. ಕೋಡ್ ತನ್ನ ಕಟ್ಟಡದೊಳಗೇ ಇರಬೇಕೆನ್ನುವ ಕಂಪನಿ ಗಿಟ್‌ಲ್ಯಾಬ್ ಅಥವಾ ಗಿಟಿಯವನ್ನು ಸ್ವಂತ ಯಂತ್ರದಲ್ಲಿ ಹಾಕಿಕೊಳ್ಳಬಹುದು. ಹತ್ತು ಜನರ ತಂಡಕ್ಕೆ ಗಿಟಿಯ ಧಾರಾಳ ಸಾಕು, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಗಿಟ್‌ಲ್ಯಾಬ್‌ಗೆ ಮೆಮೊರಿಯೂ ಹೆಚ್ಚು ಬೇಕು, ಆರೈಕೆಯೂ ಹೆಚ್ಚು.

ಸರ್ವರ್ ನಿಲ್ಲಿಸುವುದು ಅರ್ಧ ದಿನದ ಕೆಲಸ, ಕಷ್ಟವಿರುವುದು ಕಟ್ಟಳೆಯಲ್ಲಿ. ಕೋಡಿನ ಮುಖ್ಯ ಶಾಖೆಗೆ (ಬ್ರ್ಯಾಂಚ್) ಯಾರೂ ನೇರವಾಗಿ ಬರೆಯಕೂಡದು. ತಿದ್ದಿದ್ದನ್ನು ಬೇರೆ ಶಾಖೆಯಲ್ಲಿಟ್ಟು, ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಸೇರಿಸಬೇಕು. ಹಿರಿಯರಿಗೆ ವಿನಾಯಿತಿ ಕೊಟ್ಟ ಕಡೆ ಈ ನಿಯಮ ಬೇಗ ಸಾಯುತ್ತದೆ. ಕೆಲಸ ಬಿಟ್ಟವರ ಕೀಲಿಯನ್ನು ಅದೇ ದಿನ ರದ್ದುಗೊಳಿಸಬೇಕು. ಕೋಡಿನೊಳಗೆ ಪಾಸ್‌ವರ್ಡ್ ಬರೆದಿಟ್ಟು, ಮರುದಿನ ಆ ಸಾಲು ಅಳಿಸಿದರೂ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಆಗ ಪಾಸ್‌ವರ್ಡನ್ನೇ ಬದಲಿಸಬೇಕು.

ಹೊರಗಿನಿಂದ ತರುವ ಲೈಬ್ರರಿಗಳಿಗೂ ಒಂದು ಉಗ್ರಾಣ ಬೇಕು. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪುಟ್ಟ ಕೋಡನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಎಷ್ಟೋ ಕಂಪನಿಗಳ ಬಿಲ್ಡ್‌ಗಳು ಒಮ್ಮೆಲೇ ನಿಂತವು. ನೆಕ್ಸಸ್, ಆರ್ಟಿಫ್ಯಾಕ್ಟರಿಯಂಥ ವ್ಯವಸ್ಥೆಗಳು ಒಮ್ಮೆ ತಂದ ಲೈಬ್ರರಿಯ ಪ್ರತಿಯನ್ನು ಕಂಪನಿಯೊಳಗೇ ಕಾಪಿಡುತ್ತವೆ. ತಯಾರಾದ ತಂತ್ರಾಂಶದ ಆವೃತ್ತಿಗಳನ್ನೂ ಇಲ್ಲೇ ಇಡುವುದು ಲೇಸು. ಕೋಡಿನ ಜೊತೆ ತುರುಕಿದರೆ ರೆಪಾಸಿಟರಿ ಊದಿಕೊಂಡು ನಿಧಾನವಾಗುತ್ತದೆ.

ಕೊನೆಯದು ಬ್ಯಾಕಪ್. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲೇ ಒಬ್ಬ ಎಂಜಿನಿಯರ್ ಸರ್ವರ್ ತಪ್ಪಿ ಸುಮಾರು 300 ಜಿಬಿ ದತ್ತಾಂಶ ಅಳಿಸಿಬಿಟ್ಟರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆಯಿತ್ತು. ನೆಚ್ಚಬಹುದಾದದ್ದು ಒಂದೂ ಇರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಪ್ರತಿಯೊಂದು ಸಿಕ್ಕಿತು. ಕೋಡ್ ಉಳಿಯಿತು, ನಡುವಿನ ಚರ್ಚೆ, ದೂರುಗಳ ದಾಖಲೆ ಹೋಯಿತು. ರೆಪಾಸಿಟರಿಗಳನ್ನೇ ಮಾರುವ ಸಂಸ್ಥೆಯ ಗತಿ ಇದಾದರೆ ಸಣ್ಣ ಕಂಪನಿಗಳು ಮೈಮರೆಯುವಂತಿಲ್ಲ. ಬ್ಯಾಕಪ್ಪನ್ನು ತಿಂಗಳಿಗೊಮ್ಮೆಯಾದರೂ ಬೇರೊಂದು ಯಂತ್ರದಲ್ಲಿ ಬಿಚ್ಚಿ, ಅದರಿಂದ ತಂತ್ರಾಂಶ ನಿಜಕ್ಕೂ ಓಡುತ್ತದೆಯೇ ಎಂದು ನೋಡಬೇಕು. ಆ ಕೆಲಸ ಯಾರದೆಂದು ಹೆಸರು ಹಿಡಿದು ವಹಿಸಬೇಕು.