ಸಿಗ್ಮಾ ಕೊಟ್ಟ ಮಾತು: ಮೂರು ಪದರದ ಫುಲ್ ಫ್ರೇಮ್ ಬರುತ್ತದೆಯೇ?

2018ರ ಸೆಪ್ಟೆಂಬರ್‌. ಜರ್ಮನಿಯ ಕಲೋನ್‌ನಲ್ಲಿ ಫೋಟೋಕಿನಾ ಮೇಳ. ಲೈಕಾ, ಪ್ಯಾನಾಸೋನಿಕ್, ಸಿಗ್ಮಾ ಮೂರೂ ಸೇರಿ ಎಲ್ ಮೌಂಟ್ ಒಕ್ಕೂಟ ಘೋಷಿಸಿದ ಆ ಹೊತ್ತಿನಲ್ಲೇ ಸಿಗ್ಮಾದ ಮುಖ್ಯಸ್ಥ ಕಜುಟೊ ಯಮಾಕಿ ಇನ್ನೊಂದು ಮಾತನ್ನೂ ಕೊಟ್ಟರು. ಫುಲ್ ಫ್ರೇಮ್ ಅಳತೆಯ ಫೋವಿಯಾನ್ ಸೆನ್ಸರ್ ಇರುವ ಕ್ಯಾಮೆರಾ ತರುತ್ತೇವೆ ಎಂದರು. 2020ರ ಜನವರಿಯಲ್ಲಿ, ಈ ವರ್ಷ ಆಗದು ಎಂಬ ಪ್ರಕಟಣೆ ಬಂತು. 2021ರ ಫೆಬ್ರುವರಿಯಲ್ಲಿ ಇನ್ನೂ ಕಹಿ ಸುದ್ದಿ: ಪ್ರಯೋಗದ ಸೆನ್ಸರ್‌ನಲ್ಲಿ ಗಂಭೀರ ದೋಷ ಕಂಡಿದೆ, ತಯಾರಕರೊಂದಿಗಿನ ಒಪ್ಪಂದ ಮುಗಿಸಿದ್ದೇವೆ, ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ. ಅಷ್ಟಾದರೂ ಕಂಪನಿ ಯೋಜನೆಯನ್ನು ಕೈಬಿಡಲಿಲ್ಲ.

ಒಂದು ಸೆನ್ಸರ್‌ಗಾಗಿ ಇಷ್ಟೊಂದು ಹಟ ಏಕೆ?

ನಮ್ಮ ಫೋನಿನಿಂದ ಹಿಡಿದು ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾದವರೆಗೆ ಬಹುಪಾಲು ಸೆನ್ಸರ್‌ಗಳು ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲೇ ಇವೆ. ಪ್ರತಿ ಪಿಕ್ಸೆಲ್‌ನ ಮೇಲೂ ಒಂದೇ ಬಣ್ಣದ ಶೋಧಕ. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿ ತುಂಬುತ್ತಾರೆ. ಫೋವಿಯಾನ್ ಹೀಗೆ ಊಹಿಸುವುದಿಲ್ಲ. ಸಿಲಿಕಾನ್‌ನ ಮೇಲ್ಪದರದಲ್ಲೇ ನೀಲಿ ಬೆಳಕು ಹೀರಲ್ಪಡುತ್ತದೆ, ಹಸಿರು ಸ್ವಲ್ಪ ಕೆಳಗೆ ಇಳಿಯುತ್ತದೆ, ಕೆಂಪು ಇನ್ನೂ ಆಳಕ್ಕೆ ಹೋಗುತ್ತದೆ. ಮೂರು ಆಳಗಳಲ್ಲಿ ಮೂರು ಪದರ ಇಟ್ಟರೆ ಒಂದೇ ಜಾಗದಲ್ಲಿ ಮೂರೂ ಬಣ್ಣ ಸಿಗುತ್ತವೆ. ನೇಯ್ಗೆಯ ಎಳೆ, ಎಲೆಯ ನರ, ತೊಗಟೆಯ ಒರಟು ಇವೆಲ್ಲ ಫೋವಿಯಾನ್ ಚಿತ್ರಗಳಲ್ಲಿ ಕಾಣುವ ಬಗೆಯೇ ಬೇರೆ. ಆ ಚಿತ್ರಗಳನ್ನು ಒಮ್ಮೆ ದೊಡ್ಡದಾಗಿ ಮುದ್ರಿಸಿ ನೋಡಿದವರಿಗೆ ಈ ಕಾಯುವಿಕೆ ವಿಚಿತ್ರವೆನಿಸುವುದಿಲ್ಲ.

ಸಿಗ್ಮಾಕ್ಕೂ ಇದು ನಿನ್ನೆ ಮೊನ್ನೆಯ ನಂಟಲ್ಲ. 2002ರ ಎಸ್‌ಡಿ9 ಕ್ಯಾಮೆರಾದಲ್ಲೇ ಫೋವಿಯಾನ್ ಇತ್ತು. 2008ರಲ್ಲಿ ಸಿಗ್ಮಾ ಆ ಸೆನ್ಸರ್ ರೂಪಿಸಿದ ಫೋವಿಯಾನ್ ಸಂಸ್ಥೆಯನ್ನೇ ಕೊಂಡುಕೊಂಡಿತು. ಅದೇ ವರ್ಷ ತೀರಿಕೊಂಡ ಫೋವಿಯಾನ್‌ನ ವಿಜ್ಞಾನಿ ಡಿಕ್ ಮೆರಿಲ್ ಅವರ ಹೆಸರನ್ನು ಮುಂದೆ ತನ್ನ ಕ್ಯಾಮೆರಾಗಳಿಗೇ ಇಟ್ಟಿತು.

ಈಗ ಮುಂದೇನು? ಘೋಷಿತ ಯೋಜನೆ ಪ್ರತಿ ಪದರಕ್ಕೂ ಸುಮಾರು 2 ಕೋಟಿ ಪಿಕ್ಸೆಲ್, ಒಟ್ಟು 6 ಕೋಟಿ. ಚಿಕ್ಕ ಸೆನ್ಸರ್‌ನ ಮೆರಿಲ್ ಕ್ಯಾಮೆರಾಗಳಲ್ಲಿ ಪಿಕ್ಸೆಲ್‌ನ ಅಗಲ ಸುಮಾರು 5 ಮೈಕ್ರಾನ್ ಇತ್ತು. ಫುಲ್ ಫ್ರೇಮ್‌ನಲ್ಲಿ ಅದು 6.5ರ ಆಸುಪಾಸಿಗೆ ಏರುತ್ತದೆ. ಫೋವಿಯಾನ್‌ನ ಹಳೆಯ ರೋಗವೆಂದರೆ ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುವುದು, ಬಣ್ಣ ಕದಡುವುದು. ದೊಡ್ಡ ಪಿಕ್ಸೆಲ್‌ನಿಂದ ಅದು ಪೂರ್ತಿ ವಾಸಿಯಾಗದಿದ್ದರೂ ಹಗುರಾಗಬೇಕು.

ಇನ್ನೆರಡು ತೊಡಕುಗಳು ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತವೆ. ಸಿಗ್ಮಾದ ಹಳೆಯ ಎಸ್‌ಎ ಮೌಂಟ್‌ನಲ್ಲಿ ಮೌಂಟಿನಿಂದ ಸೆನ್ಸರ್‌ಗೆ 44 ಮಿಲಿಮೀಟರ್ ಅಂತರವಿತ್ತು. ಎಲ್ ಮೌಂಟ್‌ನಲ್ಲಿ 20 ಮಾತ್ರ. ಲೆನ್ಸ್‌ನ ಹಿಂಭಾಗ ಸೆನ್ಸರ್‌ಗೆ ಇಷ್ಟು ಹತ್ತಿರ ಬಂದಾಗ, ಅದರಲ್ಲೂ ವೈಡ್ ಲೆನ್ಸ್‌ಗಳಲ್ಲಿ, ಅಂಚಿನ ಪಿಕ್ಸೆಲ್‌ಗಳ ಮೇಲೆ ಬೆಳಕು ಓರೆಯಾಗಿ ಬೀಳಬಹುದು. ಬೇಯರ್ ಸೆನ್ಸರ್‌ಗೆ ಇದನ್ನು ನಿಭಾಯಿಸುವುದು ಅಷ್ಟು ಕಷ್ಟವಲ್ಲ. ಆದರೆ ಆಳಕ್ಕೆ ಇಳಿಯಬೇಕಾದ ಕೆಂಪು ಓರೆಯಾಗಿ ಇಳಿದರೆ ಪಕ್ಕದ ಪಿಕ್ಸೆಲ್‌ಗೆ ಜಾರುತ್ತದೆ, ಚಿತ್ರದ ಮೂಲೆಗಳಿಗೆ ಬಣ್ಣ ಹತ್ತುತ್ತದೆ. ಆದ್ದರಿಂದ ಸೆನ್ಸರ್ ಜೊತೆಗೇ ಅದಕ್ಕೆ ಹೊಂದುವ ಲೆನ್ಸ್‌ಗಳೂ ಬೇಕು. ಲೆನ್ಸ್ ತಯಾರಿಯೇ ಕಸುಬಾಗಿರುವ ಕಂಪನಿಗೆ ಇದು ಅಸಾಧ್ಯವೇನಲ್ಲ.

ಎರಡನೆಯದು ವೇಗ. ಸಿಗ್ಮಾದ 2019ರ ಎಫ್‌ಪಿ ಕ್ಯಾಮೆರಾದಲ್ಲಾಗಲಿ, 2025ರಲ್ಲಿ ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆದು ಮಾಡಿದ ಬಿಎಫ್‌ನಲ್ಲಾಗಲಿ ಯಾಂತ್ರಿಕ ಶಟರ್ ಇಲ್ಲ. ಮೂರು ಪದರಗಳನ್ನು ಓದಲು ಹೊತ್ತು ಬೇಕು; ಯಾಂತ್ರಿಕ ಶಟರ್ ಇಲ್ಲದೆ ಹಾಗೆ ನಿಧಾನವಾಗಿ ಓದಿದರೆ ಚಲಿಸುವ ವಸ್ತುಗಳು ಚಿತ್ರದಲ್ಲಿ ವಾಲಿದಂತೆ ಕಾಣುತ್ತವೆ. ಹಾಗಾಗಿ ಫೋವಿಯಾನ್ ಅನ್ನು ಬಿಎಫ್‌ನ ಒಡಲಿನಲ್ಲೇ ಇಡುತ್ತಾರೆಂಬ ಊಹೆಯನ್ನು ನಾನು ಒಪ್ಪುವುದಿಲ್ಲ. ಶಟರ್ ಇರುವ, ದಪ್ಪನೆಯ, ಟ್ರೈಪಾಡ್ ಮೇಲೆ ಕೂರುವ ನಿಧಾನಿ ಕ್ಯಾಮೆರಾ ಬರಬೇಕು. ಭೂದೃಶ್ಯ, ಸ್ಟುಡಿಯೊ, ಕಲಾಕೃತಿಗಳ ದಾಖಲೆ ಇವೇ ಅದರ ಜಾಗ. ವಿಡಿಯೊ ಅದರಿಂದ ಬಯಸಬಾರದು.

ಬೆಲೆಯ ವಿಷಯಕ್ಕೆ 2011ರ ಎಸ್‌ಡಿ1 ಪಾಠವಾಗಿದೆ. ಸುಮಾರು 7 ಸಾವಿರ ಡಾಲರ್‌ಗೆ ಬಂದ ಅದು ಮರುವರ್ಷ ಮೆರಿಲ್ ಎಂಬ ಹೆಸರು ಸೇರಿಸಿಕೊಂಡು ಸುಮಾರು 2,300 ಡಾಲರ್‌ಗೆ ಇಳಿಯಿತು. ಮೊದಲು ಕೊಂಡವರಿಗೆ ನೋವಾಯಿತು. ಚಿಪ್ ದೊಡ್ಡದಾದಷ್ಟೂ ಒಂದು ಸಿಲಿಕಾನ್ ತಟ್ಟೆಯಿಂದ ಸಿಗುವ ಒಳ್ಳೆಯ ಚಿಪ್‌ಗಳು ಕಡಿಮೆ. ಅಗ್ಗದ ಫುಲ್ ಫ್ರೇಮ್ ಫೋವಿಯಾನ್ ಎಂಬುದನ್ನು ಮರೆತುಬಿಡಬೇಕು.

ಇಷ್ಟೆಲ್ಲ ಇದ್ದೂ ಅದು ಬರುತ್ತದೆ ಎಂದೇ ನಾನು ನಂಬುತ್ತೇನೆ. ಸಿಗ್ಮಾ 1961ರಲ್ಲಿ ಮಿಚಿಹಿರೊ ಯಮಾಕಿ ಕಟ್ಟಿದ, ಈಗ ಅವರ ಮಗ ನಡೆಸುವ ಕುಟುಂಬದ ಕಂಪನಿ. ಫುಕುಶಿಮಾದ ಐಜುವಿನ ಕಾರ್ಖಾನೆಯಲ್ಲಿ ತಯಾರಾಗುವ ಲೆನ್ಸ್‌ಗಳು ಸೋನಿ, ಫ್ಯೂಜಿ, ಕ್ಯಾನನ್, ನಿಕಾನ್ ಬಳಸುವವರಿಗೂ ಹೋಗುತ್ತವೆ. ಆ ಗಳಿಕೆ ಈ ಸಂಶೋಧನೆಯನ್ನು ಸಾಕಬಲ್ಲದು. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸುವ ಕಂಪನಿ ಇದನ್ನು ಎಂದೋ ಮುಚ್ಚಿರುತ್ತಿತ್ತು.

ಆದರೂ ಓದುಗರಿಗೆ ಒಂದು ಮಾತು: ಈ ಕ್ಯಾಮೆರಾ ಬರಲಿ ಎಂದು ನಿಮ್ಮ ಖರೀದಿಯನ್ನು ಮುಂದೂಡಬೇಡಿ. ಇಂದು ಬೇಕಾದವರು ಇಂದು ಸಿಗುವುದನ್ನೇ ಕೊಳ್ಳಿ. ಫೋವಿಯಾನ್ ಬಂದ ದಿನ ಮೊದಲ ಬೆಲೆಗೆ ಧಾವಿಸದೆ, ಚಿತ್ರಗಳನ್ನು ಮುದ್ರಿಸಿ ನೋಡಿ, ಆಮೇಲೆ ತೀರ್ಮಾನಿಸಿ.