ಕಣದ ಅಂಚಿನ ವ್ಯಾಸಂಗ

1891ರ ಡಿಸೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಾಂಜನಕ್ಕೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಿಗಿಸಿ ಹೊಸ ಆಟವೊಂದನ್ನು ಆಡಿಸಿದಾಗ, ಬುಟ್ಟಿಯೊಳಕ್ಕೆ ಬಿದ್ದ ಚೆಂಡನ್ನು ಏಣಿ ಹತ್ತಿ ಹೊರತೆಗೆಯುವುದಕ್ಕೆ ಒಬ್ಬನು ಬೇಕಾಗುತ್ತಿದ್ದನು. ಕಾಲಕ್ರಮದಲ್ಲಿ ಬುಟ್ಟಿಯ ತಳ ತೆರೆಯಿತು, ಏಣಿ ಮೂಲೆ ಸೇರಿತು. ಆದರೆ ತಾನು ಆಡದೆಯೇ ಆಟವನ್ನು ನಡೆಯಗೊಡುವವನ ಅವಶ್ಯಕತೆ ಮಾತ್ರ ತಪ್ಪಲಿಲ್ಲ. ಇಂದು ಆ ದೇಶದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಈ ಕಾರ್ಯಭಾರವನ್ನು ಹೊತ್ತವರು ವಿದ್ಯಾರ್ಥಿ ಮ್ಯಾನೇಜರುಗಳು.

ಆಟಗಾರರು ಬರುವುದಕ್ಕೆ ಬಹು ಮುಂಚಿತವಾಗಿಯೇ ಅಂಗಣಕ್ಕೆ ಬಂದು ಚೆಂಡುಗಳ ಗಾಳಿಯನ್ನು ಪರೀಕ್ಷಿಸುವುದು, ಅಭ್ಯಾಸದ ಗಡಿಯಾರವನ್ನು ನಡೆಸುವುದು, ನೀರು ಟವೆಲ್ಲುಗಳನ್ನು ಅಣಿಗೊಳಿಸುವುದು, ಎಲ್ಲರೂ ಹೊರಟುಹೋದ ಮೇಲೆ ಬೆವರಿನಿಂದ ತೊಯ್ದ ಉಡುಪುಗಳನ್ನು ಒಗೆಯುವ ಯಂತ್ರಕ್ಕೆ ಹಾಕುವುದು, ಪರಸ್ಥಳದ ಪಂದ್ಯವಿದ್ದಾಗ ಪೆಟ್ಟಿಗೆಗಳನ್ನು ಕಟ್ಟಿ ಬಸ್ಸಿಗೋ ವಿಮಾನಕ್ಕೋ ಏರಿಸುವುದು, ಇವೆಲ್ಲವೂ ಅವರ ಪಾಲಿನ ಕೆಲಸಗಳು. ಇವುಗಳ ನಡುವೆಯೇ ತಮ್ಮ ತರಗತಿಗಳಿಗೂ ಪರೀಕ್ಷೆಗಳಿಗೂ ಅವರು ಹಾಜರಾಗತಕ್ಕದ್ದು. ಯಕ್ಷಗಾನದ ಚೌಕಿಯೊಳಗೆ ಒಮ್ಮೆ ಇಣುಕಿ ನೋಡಿದ ನಮ್ಮವರಿಗೆ ಇಂಥ ಸೇವೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆದರೆ ಇದನ್ನು ಕೇವಲ ಪರಿಚರ್ಯೆಯೆಂದು ಬಗೆದು ಸುಮ್ಮನಾದರೆ, ಈ ಪದ್ಧತಿಯ ಸತ್ತ್ವವು ನಮ್ಮ ಗ್ರಹಿಕೆಗೆ ಸಿಕ್ಕದೆ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅದು ವ್ಯಾಸಂಗವೇ. ಕಣ್ಣಿನಿಂದ ನಡೆಯತಕ್ಕ ವ್ಯಾಸಂಗ.

ಪಂದ್ಯದ ನಡುವಿನ ಒಂದು ವಿರಾಮವನ್ನು ಸಮೀಪದಿಂದ ನೋಡೋಣ. ಪುರುಷರ ಕಾಲೇಜು ಪಂದ್ಯದಲ್ಲಿ ಇಪ್ಪತ್ತು ನಿಮಿಷಗಳ ಎರಡು ಅವಧಿಗಳುಂಟು. ದೂರದರ್ಶನದಲ್ಲಿ ಪ್ರಸಾರವಾಗುವ ಪಂದ್ಯಗಳಲ್ಲಿ, ಪ್ರತಿಯೊಂದು ಅವಧಿಯಲ್ಲಿಯೂ 16, 12, 8 ಮತ್ತು 4 ನಿಮಿಷಗಳು ಉಳಿದಿರುವಂತೆ, ಅನಂತರದ ಮೊದಲ ನಿಲುಗಡೆಯಲ್ಲಿ ಆಟಕ್ಕೆ ವಿರಾಮ ದೊರೆಯುತ್ತದೆ. ಸೀಟಿ ಕೇಳಿಸಿದೊಡನೆ ಮ್ಯಾನೇಜರುಗಳು ಪುಟ್ಟ ಸ್ಟೂಲುಗಳನ್ನು ಹಿಡಿದು ಓಡಿಬಂದು ಅರ್ಧವೃತ್ತಾಕಾರದಲ್ಲಿ ಇಡುತ್ತಾರೆ. ಐವರು ಆಟಗಾರರು ಕುಳಿತುಕೊಳ್ಳುವಷ್ಟರಲ್ಲಿ ನೀರಿನ ಬಾಟಲಿ ಅವರ ಕೈಯಲ್ಲಿಯೂ ಟವೆಲ್ಲು ಹೆಗಲ ಮೇಲೆಯೂ ಇರುತ್ತದೆ. ಕೋಚ್ ಕೈಚಾಚಿದರೆ ಬಿಳಿಹಲಗೆಯೂ ಬರೆಯುವ ಕಡ್ಡಿಯೂ ಅಲ್ಲಿವೆ. ಅವರ ಹಿಂದೆ ಇನ್ನೊಬ್ಬ ಮ್ಯಾನೇಜರನು ಹಾಳೆಯೊಂದನ್ನು ನೋಡಿಕೊಂಡು ಸಹಾಯಕ ಕೋಚಿನ ಕಿವಿಯಲ್ಲಿ ಕೆಲವು ಅಂಕಿಗಳನ್ನು ಹೇಳುತ್ತಿರುತ್ತಾನೆ.

ಆ ಅಂಕಿಗಳು ಡಿಫ್ಲೆಕ್ಷನ್‌ಗಳ ಲೆಕ್ಕ. ಎದುರಾಳಿಯ ಪಾಸಿಗೋ ಡ್ರಿಬಲ್ಲಿಗೋ ಬೆರಳನ್ನಷ್ಟೇ ತಾಗಿಸಿ ಚೆಂಡಿನ ದಿಕ್ಕನ್ನು ತಪ್ಪಿಸಿದ ಪ್ರತಿಯೊಂದು ಸ್ಪರ್ಶವೂ ಅಲ್ಲಿ ಒಂದು ಗೆರೆಯಾಗುತ್ತದೆ. ಪಂದ್ಯದ ಅಧಿಕೃತ ಅಂಕಪಟ್ಟಿಯಲ್ಲಿ ಕಾಣದ ಈ ಎಣಿಕೆಯನ್ನು ತಂಡದ ರಕ್ಷಣಾ ಪರಿಶ್ರಮದ ಮಾಪಕವಾಗಿ ಪರಿಗಣಿಸಿ ಪ್ರಸಿದ್ಧಿಗೆ ತಂದವರಲ್ಲಿ ಕೋಚ್ ರಿಕ್ ಪಿಟಿನೊ ಅವರು ಪ್ರಮುಖರು. ಸಾವಿರಾರು ಪ್ರೇಕ್ಷಕರ ದೃಷ್ಟಿ ಚೆಂಡಿನ ಬೆನ್ನು ಹತ್ತಿ ಬುಟ್ಟಿಯ ಕಡೆಗೆ ಹಾಯುತ್ತಿರುವಾಗ, ಈ ಮ್ಯಾನೇಜರನೊಬ್ಬನು ರಕ್ಷಕರ ಬೆರಳ ತುದಿಗಳನ್ನೇ ನೋಡುತ್ತಿರಬೇಕು. ಗೆದ್ದಾಗ ಕುಣಿಯುವ ಆಸೆಯನ್ನೂ ಸೋತಾಗ ತಲೆಯ ಮೇಲೆ ಕೈಹೊರುವ ಚಪಲವನ್ನೂ ಅದುಮಿಕೊಂಡು ಗೆರೆ ಎಳೆಯಬೇಕು. ಅಭ್ಯಾಸದ ವೇಳೆಯಲ್ಲಿ ಬುಟ್ಟಿಯ ಕೆಳಗೆ ನಿಂತು ನೂರಾರು ಬಾರಿ ಚೆಂಡನ್ನು ಹಿಡಿದು ಎಸೆಗಾರನ ಎದೆಯ ಮಟ್ಟಕ್ಕೆ ಮರಳಿಸುವವನೂ ಇವನೇ ಆದ್ದರಿಂದ, ದಣಿದಾಗ ಯಾರ ಎಸೆತವು ಬುಟ್ಟಿಗೆ ಮುಟ್ಟದೆ ಮೊಟಕಾಗುತ್ತದೆ, ಅವಸರದಲ್ಲಿ ಯಾರದು ಎಡಕ್ಕೆ ಸರಿಯುತ್ತದೆ ಎಂಬುದು ಕ್ರಮೇಣ ಇವನಿಗೆ ಕಂಠಪಾಠವಾಗುತ್ತದೆ.

ಇಂಥ ನೋಟವು ಎಲ್ಲಿಯವರೆಗೆ ಕರೆದೊಯ್ಯಬಲ್ಲದೆಂಬುದಕ್ಕೆ ನಿದರ್ಶನಗಳಿವೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1971ರಿಂದ 2000ದವರೆಗೆ ಕೋಚ್ ಆಗಿದ್ದ ಬಾಬ್ ನೈಟ್ ಅವರು ಉಗ್ರ ಸ್ವಭಾವದವರೆಂದು ಹೆಸರಾದವರು. ಅವರ ಕೈಕೆಳಗೆ ಮ್ಯಾನೇಜರನಾಗಿದ್ದ ಲಾರೆನ್ಸ್ ಫ್ರಾಂಕ್ ಅವರು 2004ರಲ್ಲಿ ವೃತ್ತಿಪರ ಲೀಗಾದ ಎನ್‌ಬಿಎಯ ನ್ಯೂಜೆರ್ಸಿ ನೆಟ್ಸ್ ತಂಡದ ಕೋಚ್ ಪದವಿಗೇರಿ ಮೊದಲ 13 ಪಂದ್ಯಗಳನ್ನು ಸತತವಾಗಿ ಗೆದ್ದರು. ಅದೇ ಗರಡಿಯಲ್ಲಿ ಪಳಗಿದ ಡಸ್ಟಿ ಮೇ ಅವರು ಅಷ್ಟಾಗಿ ಯಾರ ಗಮನಕ್ಕೂ ಬಾರದಿದ್ದ ಫ್ಲಾರಿಡಾ ಅಟ್ಲಾಂಟಿಕ್ ತಂಡವನ್ನು 2023ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕು ತಂಡಗಳ ಸಾಲಿಗೆ ಒಯ್ದರು. ಸಣ್ಣ ಕಾಲೇಜೊಂದರಲ್ಲಿ ಆಟಗಾರನಾಗಿದ್ದ ಫ್ರಾಂಕ್ ವೋಗೆಲ್ ಅವರಂತೂ ಆ ಸ್ಥಾನವನ್ನು ತಾವಾಗಿಯೇ ತೊರೆದು, ಪಿಟಿನೊ ಅವರ ಬಳಿ ಕಲಿಯಬೇಕೆಂಬ ಹಂಬಲದಿಂದ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಹೋಗಿ ಮ್ಯಾನೇಜರನಾದರು. 2020ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡವು ಎನ್‌ಬಿಎ ಕಿರೀಟವನ್ನು ಗೆದ್ದಾಗ ಅದರ ಕೋಚ್ ಅವರೇ.

ಹೀಗಿದ್ದರೂ ಈ ತರುಣ ತರುಣಿಯರಿಗೆ ಸಲ್ಲುವ ಪ್ರತಿಫಲವು ನ್ಯಾಯವಾದುದೆಂದು ನನಗೆ ತೋರುವುದಿಲ್ಲ. ಕೆಲವೆಡೆ ಶುಲ್ಕದಲ್ಲಿ ಒಂದಂಶದ ವಿನಾಯಿತಿ, ಕೆಲವೆಡೆ ಗಂಟೆಯ ಲೆಕ್ಕದ ಅಲ್ಪ ವೇತನ, ಕೆಲವೆಡೆ ಅದೂ ಇಲ್ಲ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳಿಂದ ಹಣ ಸಂಪಾದಿಸಬಹುದಾಗಿದೆ. 2025ರ ನ್ಯಾಯಾಲಯದ ಒಪ್ಪಂದದನ್ವಯ ವಿಶ್ವವಿದ್ಯಾಲಯವೊಂದು ವರ್ಷಕ್ಕೆ ಎರಡು ಕೋಟಿ ಡಾಲರುಗಳಿಗೂ ಮಿಕ್ಕ ಹಣವನ್ನು ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದಾಗಿದೆ. ಆಟಗಾರರಿಗೆ ತಡವಾಗಿಯಾದರೂ ಸಂದ ಈ ನ್ಯಾಯದಲ್ಲಿ, ಅವರ ಉಡುಪು ಒಗೆದವನಿಗೂ ಗೆರೆ ಎಳೆದವಳಿಗೂ ಪಾಲಿಲ್ಲ. ಶುಲ್ಕವನ್ನಾದರೂ ಪೂರ್ತಿಯಾಗಿ ಮನ್ನಾ ಮಾಡುವುದು ಅಂಥ ಶ್ರೀಮಂತ ಸಂಸ್ಥೆಗಳಿಗೆ ಹೊರೆಯಾಗಲಾರದು.

ಆಡುವ ಆಸೆ ಇವರಲ್ಲಿ ಬತ್ತಿಹೋಗಿರುವುದಿಲ್ಲವೆಂಬುದಕ್ಕೆ ಇವರೇ ಬೆಳೆಸಿದ ಒಂದು ರೂಢಿ ಸಾಕ್ಷಿ. ದೊಡ್ಡ ಪಂದ್ಯದ ಹಿಂದಿನ ರಾತ್ರಿ ಎರಡೂ ತಂಡಗಳ ಮ್ಯಾನೇಜರುಗಳು ತಮ್ಮತಮ್ಮಲ್ಲಿಯೇ ಒಂದು ಪಂದ್ಯವನ್ನು ಆಡುತ್ತಾರೆ; ಅದಕ್ಕೆ ಶ್ರೇಯಾಂಕಗಳುಂಟು, ಋತುವಿನ ಕೊನೆಗೆ ಪಂದ್ಯಾವಳಿಯೂ ಉಂಟು. ಹಗಲಿನ ಕೆಲಸವೆಲ್ಲ ಮುಗಿದ ಮೇಲೆ ಆಡುವುದರಿಂದ ಆಟ ತಡರಾತ್ರಿಯವರೆಗೂ ಸಾಗುತ್ತದೆ. ಮರುದಿನ ಅತಿಥಿ ತಂಡವು ಅಭ್ಯಾಸಕ್ಕೆ ಬಂದಾಗ, ರಾತ್ರಿ ತಮ್ಮೊಡನೆ ಸೆಣಸಿದವರಿಗೆ ಚೆಂಡುಗಳ ಗಾಡಿಯನ್ನೂ ಟವೆಲ್ಲುಗಳನ್ನೂ ನೀರನ್ನೂ ಒದಗಿಸಿಕೊಡುವವರು ಆತಿಥೇಯ ಮ್ಯಾನೇಜರುಗಳೇ.