ಬೀಗ ಬಿದ್ದ ಬೀದಿಯ ಜೀರ್ಣೋದ್ಧಾರ

ಮಾಡು ಸೋರಿ, ಗೋಡೆ ಬಿರಿದು, ವಾಸಕ್ಕೆ ಅನರ್ಹವಾದ ಮೇಲೆ ಜನರು ಮನೆಯನ್ನು ತೊರೆಯುವರೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಗ್ರ್ಯಾನ್ಬಿ ಎಂಬ ಕೇರಿಯ ವೃತ್ತಾಂತವನ್ನು ಪರಿಶೀಲಿಸಿದರೆ ಈ ಕ್ರಮ ತಲೆಕೆಳಗಾಗಿ ತೋರುವುದು: ಅಲ್ಲಿ ಮೊದಲು ಜನ ಹೋದರು, ಅನಂತರ ಮಾಡು ಸೋರಿತು, ಜನ ಹೋಗುವುದಕ್ಕೆ ಕಚೇರಿಯ ಕಡತಗಳೇ ಬಹುಮಟ್ಟಿಗೆ ನಿಮಿತ್ತವಾದುವು.

1931ರಲ್ಲಿ ಸುಮಾರು ಎಂಟೂವರೆ ಲಕ್ಷ ಜನರಿಗೆ ಆಶ್ರಯವಾಗಿದ್ದ ಆ ರೇವುಪಟ್ಟಣ, ಹಡಗುಕಟ್ಟೆಗಳ ಉದ್ಯೋಗ ಕ್ಷೀಣಿಸುತ್ತ ಬಂದಂತೆ, 2001ರ ವೇಳೆಗೆ ಅದರ ಅರ್ಧದಷ್ಟಕ್ಕೆ ಇಳಿದಿತ್ತು. 1981ರ ಜುಲೈ ತಿಂಗಳಲ್ಲಿ, ಪೊಲೀಸರ ವರ್ತನೆಯನ್ನು ಕುರಿತು ಕರಿಯ ಜನರಲ್ಲಿ ಬಹುಕಾಲ ಕುದಿಯುತ್ತಿದ್ದ ಅಸಮಾಧಾನವು ಗ್ರ್ಯಾನ್ಬಿಯನ್ನೊಳಗೊಂಡ ಟಾಕ್ಸ್‌ಟೆತ್ ಪ್ರದೇಶದಲ್ಲಿ ಗಲಭೆಯಾಗಿ ಸ್ಫೋಟಿಸಿದ ಮೇಲಂತೂ ಆ ಕೇರಿಯ ಹಣೆಬರಹವೇ ಬದಲಾಯಿತು. ಸಾಲುಮನೆಗಳು ಒಂದೊಂದಾಗಿ ಸಾರ್ವಜನಿಕ ಸಂಸ್ಥೆಗಳ ವಶಕ್ಕೆ ಬಂದು, ನಿವಾಸಿಗಳು ಬೇರೆಡೆಗೆ ಸಾಗಿ, ಕಿಟಕಿ ಬಾಗಿಲುಗಳಿಗೆ ಹಲಗೆ ಬಿದ್ದಿತು. ಹಳೆಯ ಮನೆಗಳನ್ನು ಕೆಡವಿ ಹೊಸವನ್ನು ಕಟ್ಟಿದರೆ ಮನೆಗಳ ಮಾರುಕಟ್ಟೆ ಚೇತರಿಸಿಕೊಳ್ಳುವುದೆಂಬ ಸಿದ್ಧಾಂತವನ್ನು ಹಿಡಿದು ಸರ್ಕಾರ 2002ರಲ್ಲಿ ಒಂದು ಮಹಾಯೋಜನೆಯನ್ನು ಆರಂಭಿಸಿತು. 2011ರಲ್ಲಿ ಅದರ ಹಣವನ್ನು ನಿಲ್ಲಿಸಿತು. ಕೆಡವಲು ಬರಿದು ಮಾಡಿದ ಮನೆಗಳು ಹೀಗೆ ಕೆಡವುವವರೂ ಇಲ್ಲದೆ, ಕಟ್ಟುವವರೂ ಇಲ್ಲದೆ ನಿಂತುಬಿಟ್ಟುವು.

ಆದರೆ ಬೀದಿಯನ್ನು ಬಿಟ್ಟುಹೋಗಲೊಪ್ಪದ ಕೆಲವರು, ಅವರಲ್ಲಿಯೂ ವಿಶೇಷವಾಗಿ ಹೆಂಗಸರು, ಅಲ್ಲಿಯೇ ಉಳಿದಿದ್ದರು. ಅವರು ಯಾವ ಘೋಷಣೆಯನ್ನೂ ಮಾಡದೆ ಬೀದಿಯನ್ನು ಗುಡಿಸಿ, ಕುಂಡಗಳಲ್ಲಿ ಹೂಬಳ್ಳಿಗಳನ್ನಿಟ್ಟು, ಮುಚ್ಚಿದ ಹಲಗೆಗಳ ಮೇಲೆ ಬಣ್ಣದ ಚಿತ್ರಗಳನ್ನು ಬಿಡಿಸಿ, ತಿಂಗಳಿಗೊಮ್ಮೆ ಸಂತೆಯನ್ನು ನಡೆಸಿ, ಇದು ಸತ್ತ ಬೀದಿಯಲ್ಲವೆಂಬುದನ್ನು ನಗರಕ್ಕೆ ಮನಗಾಣಿಸಿದರು. 2011ರಲ್ಲಿ ಅವರೇ ಒಂದು ಸಮುದಾಯ ಭೂ ವಿಶ್ವಸ್ತ ಮಂಡಲಿಯನ್ನು ಸ್ಥಾಪಿಸಿದರು. ಇಂಥ ಮಂಡಲಿಯ ಲಕ್ಷಣವನ್ನು 2008ರ ಇಂಗ್ಲಿಷ್ ಶಾಸನವೊಂದು ನಿರ್ದೇಶಿಸಿದೆ: ಅದರ ಆಸ್ತಿಯನ್ನು ಸ್ಥಳೀಯ ಸಮುದಾಯಕ್ಕೆ ಹಿತವಾಗುವುದೆಂದು ಸದಸ್ಯರಿಗೆ ತೋರುವ ರೀತಿಯಲ್ಲಿ ಮಾತ್ರ ಮಾರಬಹುದು ಇಲ್ಲವೇ ಅಭಿವೃದ್ಧಿಪಡಿಸಬಹುದು, ಲಾಭವೇನಾದರೂ ಬಂದರೆ ಅದು ಯಾರ ಕಿಸೆಗೂ ಸೇರದೆ ಆ ಸಮುದಾಯಕ್ಕೇ ಸಲ್ಲಬೇಕು.

ಪಾಳುಮನೆಯ ಪ್ರಶ್ನೆಯ ತಿರುಳಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಗಾರೆ ಇಟ್ಟಿಗೆಗಳನ್ನು ಹಣವುಳ್ಳವರು ಯಾರಾದರೂ ತರಬಲ್ಲರು. ಆದರೆ ದುರಸ್ತಿಯಾದ ಮನೆಗೆ ಬೆಲೆಯೇರಿ, ಅದು ಯಾರಿಗಾಗಿ ದುರಸ್ತಿಯಾಯಿತೋ ಅವರ ಕೈಗೆ ಎಟುಕದಂತಾಗುವುದನ್ನು ತಡೆಯತಕ್ಕದ್ದು ಒಡೆತನದ ಕಟ್ಟುಪಾಡೇ ಹೊರತು ಮೇಸ್ತ್ರಿಯ ಕರಣೆಯಲ್ಲ. ಗ್ರ್ಯಾನ್ಬಿಯ ಮಂಡಲಿ ಕೇರ್ನ್ಸ್ ಬೀದಿಯಲ್ಲಿ ಹತ್ತು ಮನೆಗಳನ್ನು ಎತ್ತಿ ನಿಲ್ಲಿಸಿ, ಐದನ್ನು ಬಾಡಿಗೆಗೂ ಐದನ್ನು ಮಾರಾಟಕ್ಕೂ ಇಟ್ಟಿತು. ಮಾರಿದವುಗಳ ಬೆಲೆಯನ್ನು ಪೇಟೆಯ ಧಾರಣೆಗೆ ಬಿಡದೆ ಸ್ಥಳೀಯರ ಆದಾಯಕ್ಕೆ ಗಂಟುಹಾಕಿತು. ಹತ್ತು ಮನೆಗಳೆಂದರೆ ಅತ್ಯಲ್ಪವೆಂಬ ಆಕ್ಷೇಪಣೆ ನ್ಯಾಯವಾದುದೇ. ಸುತ್ತಲಿನ ಉಳಿದ ಹಲವು ಮನೆಗಳನ್ನು ವಸತಿ ಸಂಘಗಳು ವಹಿಸಿಕೊಳ್ಳಬೇಕಾಯಿತು.

ಈ ಕಾರ್ಯದಲ್ಲಿ ನೆರವಾದ ‘ಅಸೆಂಬಲ್’ ಎಂಬ ತರುಣ ವಾಸ್ತುಶಿಲ್ಪಿಗಳ ಬಳಗವು ಮನೆಗಳ ಭಗ್ನಾವಶೇಷಗಳನ್ನೇ ಅರೆದು ಬೆರೆಸಿ ಅಗ್ಗಿಷ್ಟಿಕೆಗಳ ಚೌಕಟ್ಟುಗಳನ್ನು ಎರಕ ಹೊಯ್ಯಿತು. 2015ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಟರ್ನರ್ ಕಲಾಪ್ರಶಸ್ತಿ ಈ ಬಳಗಕ್ಕೆ ಬಂದಾಗ, ಮನೆ ರಿಪೇರಿ ಕಲೆಯಾದುದು ಯಾವಾಗಿನಿಂದ ಎಂದು ಹುಬ್ಬೇರಿಸಿದವರೂ ಇದ್ದರು. ಜಂತಿ ತೊಲೆಗಳೆಲ್ಲ ಕುಸಿದುಹೋಗಿದ್ದ ಎರಡು ಮನೆಗಳನ್ನು ವಾಸಕ್ಕೆ ಒಗ್ಗಿಸುವ ಹಟವನ್ನು ಬಿಟ್ಟು, ಗಾಜಿನ ಮಾಡು ಹೊದಿಸಿ ಒಳದೋಟವನ್ನಾಗಿ ಮಾಡಿ 2019ರಲ್ಲಿ ತೆರೆದರು. ಮನೆಗಳನ್ನೇ ಎಣಿಸುವ ಅಧಿಕಾರಿಗೆ ಇದು ನಷ್ಟವಾಗಿ ಕಂಡೀತು. ಬೀದಿಯ ಜನಕ್ಕೆ ಒಂದು ಕೂಡುಜಾಗ ದೊರೆಯಿತು.

ಲಿವರ್‌ಪೂಲಿನ ನಗರಾಡಳಿತ 2013ರಲ್ಲಿ ಆರಂಭಿಸಿದ, ಒಂದು ಪೌಂಡಿಗೆ ಒಂದು ಮನೆಯೆಂಬ ಯೋಜನೆ ಹೆಚ್ಚು ಪ್ರಸಿದ್ಧಿ ಪಡೆಯಿತು. ಕೊಂಡವರು ಸ್ವಂತ ಖರ್ಚಿನಿಂದ ದುರಸ್ತಿ ಮಾಡಿ, ಐದು ವರ್ಷ ಅಲ್ಲಿಯೇ ವಾಸಿಸಬೇಕೆಂಬುದು ಕರಾರು. ಬೀದಿಗೆ ಜೀವ ಬಂದಿತೇನೋ ನಿಜ. ಆದರೆ ದುರಸ್ತಿಗೆ ಬೇಕಾದಷ್ಟು ಉಳಿತಾಯವಿಲ್ಲದ ಬಡವನಿಗೆ ಆ ಒಂದು ಪೌಂಡೂ ದುಬಾರಿಯೇ.

ಸರ್ಕಾರದ ಕೈಯಲ್ಲಿ ದಂಡವಿಲ್ಲದಿಲ್ಲ. ಬಹುಕಾಲ ಖಾಲಿಯಿರುವ ಮನೆಯ ಮೇಲೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಹೆಚ್ಚುವರಿ ಕಂದಾಯವನ್ನು ವಿಧಿಸಬಹುದು; 2004ರ ವಸತಿ ಶಾಸನದ ಮೇರೆಗೆ, ಒಡೆತನವನ್ನು ಕಸಿದುಕೊಳ್ಳದೆಯೇ ನಿರ್ವಹಣೆಯನ್ನು ಮಾತ್ರ ವಹಿಸಿಕೊಂಡು ಮನೆಯನ್ನು ಬಾಡಿಗೆಗೆ ಕೊಡಲೂಬಹುದು. ಈ ಎರಡನೆಯ ಅಧಿಕಾರ ಚಲಾವಣೆಯಾದುದು ತೀರ ವಿರಳ, ಏಕೆಂದರೆ ನ್ಯಾಯಮಂಡಳಿಯ ಅನುಮತಿ, ಮಾಲೀಕರೊಡನೆ ಪತ್ರವ್ಯವಹಾರ, ದುರಸ್ತಿಯ ವೆಚ್ಚ, ಇಷ್ಟೆಲ್ಲವನ್ನೂ ಒಂದೇ ಮನೆಗಾಗಿ ಹೊರುವಷ್ಟು ವ್ಯವಧಾನ ಆ ಕಚೇರಿಗಳಿಗಿಲ್ಲ.

ನಮ್ಮ ದೇಶದ ಸಂಗತಿ ಬೇರೊಂದು ತೆರನಾದುದು. 2011ರ ಜನಗಣತಿಯಲ್ಲಿ ಭಾರತದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿಯೆಂದು ದಾಖಲಾದುವು; ಮರುವರ್ಷವೇ ತಜ್ಞರ ತಂಡವೊಂದು ನಗರವಾಸಿಗಳಿಗೆ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆಯೆಂದು ಅಂದಾಜು ಮಾಡಿತು. ಖಾಲಿಯಿದ್ದುವುಗಳಲ್ಲಿ ಬಡವರಿಗೆಂದೇ ಸರ್ಕಾರ ಕಟ್ಟಿಸಿದುವೂ ಇದ್ದುವು. ಲಿವರ್‌ಪೂಲಿನಲ್ಲಿ ಕೆಲಸ ತೊಲಗಿದ್ದರಿಂದ ಹಳೆಯ ಮನೆ ಬರಿದಾಯಿತು. ಇಲ್ಲಿ ಕೆಲಸದಿಂದ ದೂರ ಕಟ್ಟಿದ್ದರಿಂದ ಎಷ್ಟೋ ಹೊಸ ಮನೆಗಳಿಗೆ ಜನವೇ ಬರಲಿಲ್ಲ. 2020ರಲ್ಲಿ, ವಲಸೆ ಕಾರ್ಮಿಕರ ಬವಣೆ ಹೆದ್ದಾರಿಗಳ ಮೇಲೆ ಎಲ್ಲರ ಕಣ್ಣಿಗೂ ಬಿದ್ದ ಮೇಲೆ, ಇಂಥ ಸರ್ಕಾರಿ ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡುವ ಯೋಜನೆಯನ್ನು ಕೇಂದ್ರವು ಪ್ರಕಟಿಸಿತು. ಗುತ್ತಿಗೆದಾರನೇ ದುರಸ್ತಿ ಮಾಡಿಸಿ, 25 ವರ್ಷ ನಡೆಸಿ, ಬಳಿಕ ಸ್ಥಳೀಯ ಸಂಸ್ಥೆಗೆ ಹಿಂದಿರುಗಿಸತಕ್ಕದ್ದೆಂಬುದು ಅದರ ಒಂದು ಬಗೆ. ಬೀಗ ತೆಗೆಯುವುದಕ್ಕೆ ಇದು ಸಾಲಬಹುದು; ಊರಾಚೆಯ ಆ ಮನೆಗಳಿಂದ ಕೆಲಸದ ಜಾಗಕ್ಕೆ ಹೋಗಿಬರುವ ಬಸ್ಸಿನ ಖರ್ಚನ್ನು ಬಾಡಿಗೆಯ ಜೊತೆಗೆ ಕೂಡಿಸಿ ನೋಡುವ ಕೂಲಿಕಾರನಿಗೆ ಲೆಕ್ಕ ಸರಿಹೋಗುವುದೇ ಎಂಬುದು ಊರಿಂದೂರಿಗೆ ಬೇರೆ.